ಅಮ್ಮನ ಮೋಹನ, ನನ್ನ ಗಿಟಾರು: ಮೇಜರ್ ಸ್ಕೇಲಿನಲ್ಲಿ ಕಾರ್ಡ್‌ಗಳು ಹುಟ್ಟೋದು ಹೇಗೆ?

ಹೈದರಾಬಾದಿನಿಂದ ಮತ್ತೆ ನಾನೇ. ಈ ಸಲದ ವಿಡಿಯೋ ಸ್ವಲ್ಪ ಉದ್ದ ಆಯ್ತು. ಅಷ್ಟೊತ್ತು ಕೂತು ನೋಡೋಕಾಗಲ್ಲ, ಗಚ್ಚಿಬೌಲಿ ಟ್ರಾಫಿಕ್ಕಲ್ಲಿ ಕ್ಯಾಬಲ್ಲಿ ಕೂತು ಓದ್ಕೋತೀವಿ ಅಂತ ಕೆಲವರು ಹೇಳಿದ್ರಿ. ಹಾಗಾಗಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಗಿಟಾರ್ ನುಡಿಸಿ ತೋರಿಸಿದ ಕಡೆ ಸ್ವರಗಳನ್ನ ಬರೆದು ಇಲ್ಲಿ ಹಾಕ್ತಾ ಇದೀನಿ.

ವಿಷಯ ಇಷ್ಟೇ. ಸಿನಿಮಾ ಹಾಡಿಗೆ, ಭಾವಗೀತೆಗೆ ಗಿಟಾರಲ್ಲೋ ಕೀಬೋರ್ಡಲ್ಲೋ ಕಾರ್ಡ್ ಹಾಕ್ತಾರಲ್ಲ, ಅವು ಎಲ್ಲಿಂದ ಬರ್ತವೆ? ಇದೇ ಹಾಡಿಗೆ ಇದೇ ಕಾರ್ಡ್ ಅಂತ ಯಾರು ಹೇಳಿದ್ದು? ನಾನು ಎಂಟು ವರ್ಷ ಗಿಟಾರ್ ಹಿಡ್ಕೊಂಡಿದ್ದರೂ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ. ವೆಬ್‌ಸೈಟಲ್ಲಿ ಏನು ಬರೆದಿರ್ತಾರೋ ಅದನ್ನ ನುಡಿಸೋದು, ಅಷ್ಟೇ. ನಮ್ಮ ಭಾಷೇಲಿ ಹೇಳೋದಾದ್ರೆ ಕಾಪಿ-ಪೇಸ್ಟ್. ಹೋದ ವರ್ಷ ಅಮ್ಮ ನನ್ನನ್ನ ಅರ್ಧ ಹಾಡಲ್ಲಿ ನಿಲ್ಲಿಸಿದಾಗಲೇ ಕೇಳಿಕೊಳ್ಳಬೇಕಾಯ್ತು.

ರಿಹರ್ಸಲ್‌ನಲ್ಲಿ ಆಗಿದ್ದು

ನಮ್ಮದು ಮೈಸೂರು. ಅಮ್ಮ ಸರಸ್ವತೀಪುರಂ ಮನೇಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೀದಿ ಮಕ್ಕಳಿಗೆಲ್ಲ ಸಂಗೀತ ಹೇಳಿಕೊಟ್ಟವಳು. ಅಪ್ಪ ಹೋದ ಮೇಲೆ ಪಾಠ ನಿಲ್ಲಿಸಿದಳು, ಹಾಡೋದನ್ನೂ ನಿಲ್ಲಿಸಿದಳು. ಕೊನೆಗೆ ಮನೆಗೆ ಬೀಗ ಹಾಕಿ, ತಂಬೂರಿಯನ್ನ ಹಳೇ ಸೀರೇಲಿ ಸುತ್ತಿಟ್ಟು, ಕಾಚಿಗುಡ ಎಕ್ಸ್‌ಪ್ರೆಸ್ ಹತ್ತಿ ನನ್ನ ಜೊತೆ ಇಲ್ಲಿಗೆ ಬಂದಳು. ನಲ್ಲಗಂಡ್ಲದ ಹನ್ನೊಂದನೇ ಮಹಡೀಲಿ ಅವಳಿಗೆ ಮಾತಿಗೆ ಸಿಗೋರು ಕಡಿಮೆ. ಕೆಳಗಡೆ ವಾಕಿಂಗ್ ಹೋದರೆ ತೆಲುಗು, ಲಿಫ್ಟಲ್ಲಿ ಹಿಂದಿ.

ನಮ್ಮ ಅಪಾರ್ಟ್‌ಮೆಂಟಿನ ಕನ್ನಡದವರು ನವೆಂಬರಲ್ಲಿ ರಾಜ್ಯೋತ್ಸವ ಮಾಡ್ತೀವಿ. ಅಮ್ಮನಿಂದ ಒಂದು ದೇವರನಾಮ ಹಾಡಿಸೋಣ, ನಾನು ಗಿಟಾರ್ ನುಡಿಸ್ತೀನಿ ಅಂದುಕೊಂಡೆ. ಎರಡು ವಾರ ಕೇಳಿದ ಮೇಲೆ ಒಪ್ಪಿಕೊಂಡಳು. ಮೋಹನ ರಾಗದ್ದು. ನಾನು ಯಾವುದೋ ವೆಬ್‌ಸೈಟಿಂದ ಕಾರ್ಡ್ ಇಳಿಸಿಕೊಂಡು ಕೂತೆ: ಸಿ, ಎಫ್, ಜಿ, ಎ ಮೈನರ್.

ಮೊದಲನೇ ಸಾಲಲ್ಲೇ ಗಂಟಲು ಕಟ್ಟಿತು. "ಇದ್ಯಾವ ಶ್ರುತಿ? ನಂದು ಕಪ್ಪು 4 ಕಣೋ" ಅಂದಳು. ನನಗೆ ಸಿ ಬಿಟ್ಟರೆ ಬರ್ತಿರಲಿಲ್ಲ. "ಇವತ್ತೊಂದಿನ ಅಡ್ಜಸ್ಟ್ ಮಾಡ್ಕೋ ಅಮ್ಮ" ಅಂದೆ. ಅವಳಿಗೆ ಕೆಳಗಿನ ಸಿ ಹಿಡಿದರೆ ಸ್ವರ ಗಂಟಲಲ್ಲೇ ಉಳಿಯುತ್ತೆ, ಮೇಲಿನ ಸಿ ಹಿಡಿದರೆ ತಾರಸ್ಥಾಯಿಗೆ ಹೋಗೋಕಾಗಲ್ಲ. ಆದರೂ ಹಾಡಿದಳು. ಅನುಪಲ್ಲವೀಲಿ ತಟ್ಟನೆ ನಿಲ್ಲಿಸಿದಳು.

"ಮಧ್ಯಮ ಯಾರು ಹಿಡೀತಿರೋದು?"

"ಯಾರೂ ಇಲ್ಲಮ್ಮ, ನಾನು ಬರೀ ಕಾರ್ಡ್ ಹೊಡೀತಿದೀನಿ."

"ಅದರೊಳಗೇ ಇದೆ ನೋಡು. ಮೋಹನಕ್ಕೆ ಮಧ್ಯಮ ಎಲ್ಲಿಂದ ತಂದೆ? ನಂಗೆ ಆಗಲ್ಲಪ್ಪ, ನೀನೊಬ್ಬನೇ ನುಡಿಸ್ಕೋ" ಅಂತ ಎದ್ದು ಅಡುಗೆಮನೆಗೆ ಹೋದಳು.

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನುಡಿಸಿದ ಎಫ್ ಕಾರ್ಡ್ ಒಳಗೆ ಮಧ್ಯಮ ಇತ್ತು. ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ. ಅವಳು ಮತ್ತೆ ಬಾಯಿ ಬಿಡದೇ ಹೋದರೆ ಅದಕ್ಕೆ ಕಾರಣ ನಾನೇ ಅಂತ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಮುಂದೆ ನಾನು ಕೂತು ಕಲಿತಿದ್ದು ಇದು.

ಮೊದಲು ಸ್ಕೇಲು: ಹನ್ನೆರಡರಲ್ಲಿ ಏಳು

ಹಾರ್ಮೋನಿಯಂ ನೋಡಿದೀರಲ್ಲ? ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗೆ ಹನ್ನೆರಡು ಮನೆ. 7 ಬಿಳಿ, 5 ಕಪ್ಪು. ಗಿಟಾರಲ್ಲಾದರೆ ಹನ್ನೆರಡು ಫ್ರೆಟ್. ಈ ಹನ್ನೆರಡರಲ್ಲಿ ಏಳನ್ನ ಆರಿಸಿಕೊಂಡರೆ ಸ್ಕೇಲು. ಮೇಜರ್ ಸ್ಕೇಲಿಗೆ ಆರಿಸೋ ಲೆಕ್ಕ ಹೀಗೆ: 2, 2, 1, 2, 2, 2, 1. ಅಂದರೆ ಎರಡು ಮನೆ ದಾಟು, ಎರಡು ದಾಟು, ಒಂದು ದಾಟು, ಹೀಗೆ. ಕೂಡಿಸಿ ನೋಡಿ, 12 ಬರುತ್ತೆ.

ಪ್ರೋಗ್ರಾಂ ಬರೆಯೋರಿಗೆ ಇನ್ನೂ ಸುಲಭ. ಷಡ್ಜವನ್ನ ಸೊನ್ನೆ ಅಂತ ಇಟ್ಕೊಳ್ಳಿ. ಮೇಜರ್ ಸ್ಕೇಲ್ ಅಂದರೆ ಒಂದು ಅರೇ: 0, 2, 4, 5, 7, 9, 11. ನಮ್ಮ ಹೆಸರಲ್ಲಿ ಸ, ರಿ, ಗ, ಮ, ಪ, ದ, ನಿ. ಕೀಬೋರ್ಡಲ್ಲಿ ಸಿ ಇಂದ ಶುರು ಮಾಡಿದರೆ ಬರೀ ಬಿಳಿ ಮನೆಗಳು: ಸಿ, ಡಿ, ಇ, ಎಫ್, ಜಿ, ಎ, ಬಿ.

ಎರಡು ಜಾಗ ಗುರುತು ಹಾಕಿಕೊಳ್ಳಿ, ಆಮೇಲೆ ಬೇಕಾಗುತ್ತೆ. ಗ-ಮ ನಡುವೆ ಒಂದೇ ಹೆಜ್ಜೆ, ನಿ-ಸ ನಡುವೆ ಒಂದೇ ಹೆಜ್ಜೆ. ಉಳಿದ ಕಡೆ ಎಲ್ಲ ಎರಡೆರಡು. ಕೀಬೋರ್ಡಲ್ಲಿ ಅಲ್ಲಿ ನಡುವೆ ಕಪ್ಪು ಮನೆ ಇರಲ್ಲ.

ಈ ಏಳು ಸ್ವರಗಳು ನಮಗೆ ಹೊಸದೇನಲ್ಲ. ಕರ್ನಾಟಕ ಸಂಗೀತದಲ್ಲಿ ಇದು 29ನೇ ಮೇಳಕರ್ತ, ಧೀರಶಂಕರಾಭರಣ. ಹಿಂದೂಸ್ತಾನಿಯಲ್ಲಿ ಬಿಲಾವಲ್ ಥಾಟ್. ಇನ್ನೂರು ವರ್ಷದ ಹಿಂದೆಯೇ ಮುತ್ತುಸ್ವಾಮಿ ದೀಕ್ಷಿತರು ಇಂಗ್ಲಿಷರ ಬ್ಯಾಂಡಿನ ಧಾಟಿಗಳನ್ನ ಕೇಳಿ, ಅವಕ್ಕೆ ಸಂಸ್ಕೃತ ಸಾಹಿತ್ಯ ಬರೆದು ನೊಟ್ಟುಸ್ವರ ಮಾಡಿದರು. ಎಲ್ಲವೂ ಶಂಕರಾಭರಣದ್ದೇ. ಅದರಲ್ಲಿ ಒಂದರ ಧಾಟಿ ಬ್ರಿಟನ್ನಿನ ರಾಷ್ಟ್ರಗೀತೆಯದ್ದು. ಇನ್ನೊಂದು, 'ಶ್ಯಾಮಳೇ ಮೀನಾಕ್ಷಿ', ನಮ್ಮ ಮಕ್ಕಳು ಎಲ್‌ಕೆಜಿಯಲ್ಲಿ ಕಲಿಯೋ ನಕ್ಷತ್ರದ ಇಂಗ್ಲಿಷ್ ಪದ್ಯದ ಧಾಟಿ.

ಮೈಸೂರಿನವನಾಗಿ ಇನ್ನೊಂದು ಮಾತು ಹೇಳಲೇಬೇಕು. ಜಯಚಾಮರಾಜ ಒಡೆಯರು (1919–1974) ಪಿಯಾನೋ ಅಭ್ಯಾಸ ಮಾಡಿದವರು. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಅವರ ರಚನೆಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ಇವರು. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕನ್ಸರ್ಟೋವನ್ನ ಒಡೆಯರಿಗೆ ಅರ್ಪಿಸಿದ್ದಾರೆ. ಇದೇ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದರು. ಒಂದೇ ತಲೆಯಲ್ಲಿ ಎರಡೂ ಸಂಗೀತ ಜಗಳ ಆಡದೆ ಇರಬಹುದು ಅನ್ನೋದಕ್ಕೆ ನಮ್ಮೂರಲ್ಲೇ ಸಾಕ್ಷಿ ಇದೆ.

ಆದರೆ ಶಂಕರಾಭರಣ ಅಂದರೆ ಮೇಜರ್ ಸ್ಕೇಲ್ ಅಷ್ಟೇ ಅಂತ ಅಮ್ಮನ ಮುಂದೆ ಹೇಳಬೇಡಿ. ಸ್ವರಗಳು ಅವೇ, ಆದರೆ ಗಮಕ, ಸಂಚಾರ, ಎಲ್ಲಿ ನಿಲ್ಲಬೇಕು ಅನ್ನೋದೆಲ್ಲ ಸೇರಿದರೇನೇ ರಾಗ. ಸ್ಕೇಲು ಅನ್ನೋದು ಬರೀ ಏಣಿ.

ಕಾರ್ಡ್ ಕಟ್ಟೋದು: ಒಂದು ಬಿಟ್ಟು ಒಂದು

ಈಗ ಮುಖ್ಯ ವಿಷಯ. ಕಾರ್ಡ್ ಅಂದರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು. ಸಾಮಾನ್ಯವಾಗಿ ಮೂರು. ಕಟ್ಟೋ ನಿಯಮ ಒಂದೇ: ಸ್ಕೇಲಿನ ಯಾವುದಾದರೂ ಸ್ವರ ತಗೊಳ್ಳಿ, ಒಂದು ಬಿಟ್ಟು ಮುಂದಿನದು ತಗೊಳ್ಳಿ, ಮತ್ತೆ ಒಂದು ಬಿಟ್ಟು ಮುಂದಿನದು. ಸ ತಗೊಂಡೆ, ರಿ ಬಿಟ್ಟೆ, ಗ ತಗೊಂಡೆ, ಮ ಬಿಟ್ಟೆ, ಪ ತಗೊಂಡೆ. ಸ-ಗ-ಪ. ಇದೇ ಸಿ ಮೇಜರ್.

ಏಳು ಸ್ವರದಿಂದಲೂ ಹೀಗೇ ಮಾಡಿದರೆ ಏಳು ಕಾರ್ಡ್ ಬರ್ತವೆ. ಪ್ರತಿಯೊಂದರಲ್ಲೂ ಒಂದನೇ ಸ್ವರದಿಂದ ಎರಡನೆಯದಕ್ಕೆ ಎಷ್ಟು ಮನೆ, ಎರಡರಿಂದ ಮೂರಕ್ಕೆ ಎಷ್ಟು ಮನೆ ಅಂತ ಎಣಿಸೋಣ:

1. ಸ-ಗ-ಪ: 4, 3. ಸಿ ಮೇಜರ್.
2. ರಿ-ಮ-ದ: 3, 4. ಡಿ ಮೈನರ್.
3. ಗ-ಪ-ನಿ: 3, 4. ಇ ಮೈನರ್.
4. ಮ-ದ-ಸ: 4, 3. ಎಫ್ ಮೇಜರ್.
5. ಪ-ನಿ-ರಿ: 4, 3. ಜಿ ಮೇಜರ್.
6. ದ-ಸ-ಗ: 3, 4. ಎ ಮೈನರ್.
7. ನಿ-ರಿ-ಮ: 3, 3. ಬಿ ಡಿಮಿನಿಶ್ಡ್.

ಇದನ್ನ ಬರೆದಾಗಲೇ ನನ್ನ ತಲೆಯಲ್ಲಿ ದೀಪ ಹತ್ತಿದ್ದು. ಮೊದಲು 4 ಆಮೇಲೆ 3 ಬಂದರೆ ಮೇಜರ್, ಬೆಳಕು ಇರೋ ಕಾರ್ಡ್. ಮೊದಲು 3 ಆಮೇಲೆ 4 ಬಂದರೆ ಮೈನರ್, ಸ್ವಲ್ಪ ಮಬ್ಬು. ಎರಡೂ 3 ಆದರೆ ಡಿಮಿನಿಶ್ಡ್, ಕಾಲಲ್ಲಿ ಮುಳ್ಳು ಚುಚ್ಚಿದ ಹಾಗೆ. ಯಾರೋ ಕೂತು ಇದು ಮೇಜರ್ ಇರಲಿ, ಇದು ಮೈನರ್ ಇರಲಿ ಅಂತ ತೀರ್ಮಾನ ಮಾಡಿದ್ದಲ್ಲ. ಗ-ಮ, ನಿ-ಸ ನಡುವೆ ಒಂದೇ ಹೆಜ್ಜೆ ಇದೆ ಅಂದೆನಲ್ಲ? ಆ ಎರಡು ಸಣ್ಣ ಹೆಜ್ಜೆ ಕಾರ್ಡಿನ ಯಾವ ಭಾಗದಲ್ಲಿ ಬೀಳುತ್ತೆ ಅನ್ನೋದರ ಮೇಲೆ ಎಲ್ಲವೂ ತಾನಾಗೇ ಆಗುತ್ತೆ. 1, 4, 5 ಮೇಜರ್. 2, 3, 6 ಮೈನರ್. 7 ಬೇರೆ. ಯಾವ ಶ್ರುತಿಯಲ್ಲಿ ಶುರು ಮಾಡಿದರೂ ಇದು ಬದಲಾಗಲ್ಲ.

ಮೂರು ಕಾರ್ಡಲ್ಲಿ ಏಳೂ ಸ್ವರ

ಈಗ ಮೇಲಿನ ಪಟ್ಟೀಲಿ 1, 4, 5 ಮಾತ್ರ ನೋಡಿ. ಸ-ಗ-ಪ, ಮ-ದ-ಸ, ಪ-ನಿ-ರಿ. ಎಲ್ಲ ಸೇರಿಸಿ: ಸ, ರಿ, ಗ, ಮ, ಪ, ದ, ನಿ. ಏಳೂ ಸ್ವರ ಬಂದುಬಿಟ್ಟವು! ಅಂದರೆ ಹಾಡು ಮೇಜರ್ ಸ್ಕೇಲಲ್ಲಿದ್ದರೆ, ಹಾಡುವವರು ಯಾವ ಸ್ವರದ ಮೇಲೆ ನಿಂತರೂ ಆ ಸ್ವರ ಒಳಗಿರೋ ಒಂದು ಕಾರ್ಡ್ ಈ ಮೂರರಲ್ಲಿ ಸಿಕ್ಕೇ ಸಿಗುತ್ತೆ. ಮೂರು ಕಾರ್ಡ್ ಕಲಿತವನು ಕ್ಯಾಂಪ್‌ಫೈರಲ್ಲಿ ನೂರು ಹಾಡು ನುಡಿಸ್ತಾನೆ ಅಂತಾರಲ್ಲ, ಅದರ ಗುಟ್ಟು ಇದು.

ಆದರೆ ಸ್ವರ ಸಿಕ್ಕಿದರೆ ಸಾಲದು, ಹೋಗೋದು ಬರೋದು ಇರಬೇಕು. ಊರು ಬಿಟ್ಟು ಬಂದಿರೋ ನಮಗೆ ಇದು ಬೇಗ ಅರ್ಥ ಆಗುತ್ತೆ.

1ನೇ ಕಾರ್ಡ್ ಅಂದರೆ ಊರು. ಹಾಡು ಸಾಮಾನ್ಯವಾಗಿ ಅಲ್ಲಿಂದ ಹೊರಡುತ್ತೆ, ಅಲ್ಲಿಗೇ ಬರುತ್ತೆ.

5ನೇ ಕಾರ್ಡ್ ಅಂದರೆ ಹಬ್ಬದ ಹಿಂದಿನ ರಾತ್ರಿ ಬ್ಯಾಗ್ ಹಿಡ್ಕೊಂಡು ಬಸ್ಸಿಗೆ ಕಾಯ್ತಾ ನಿಂತಿರೋದು. ಅಲ್ಲೇ ಇರೋಕಾಗಲ್ಲ, ಊರಿಗೆ ಹೋಗಲೇಬೇಕು. ಕಾರಣ ಅದರೊಳಗಿನ ನಿಷಾದ. ನಿ ಇಂದ ಸ ಗೆ ಒಂದೇ ಹೆಜ್ಜೆ, ಅದಕ್ಕೇ ಅಷ್ಟು ಸೆಳೆತ. ಯಾರನ್ನಾದರೂ ಸ-ರಿ-ಗ-ಮ-ಪ-ದ-ನಿ ಅಂತ ಹಾಡಿ ನಿಲ್ಲಿಸೋಕೆ ಹೇಳಿ. ನಿಲ್ಲಲ್ಲ, ಮೇಲಿನ ಸ ಹಾಡೇ ಬಿಡ್ತಾರೆ.

4ನೇ ಕಾರ್ಡ್ ಅಂದರೆ ನೆಂಟರ ಮನೆ. ಊರು ಬಿಟ್ಟಿದೀವಿ, ಆದರೆ ಆರಾಮಾಗಿದೀವಿ. ಅದರೊಳಗೆ ನಮ್ಮ ಷಡ್ಜವೂ ಇದೆ. ವಾಪಸ್ ಬರುವಾಗ ಮ ಇಂದ ಗ ಗೆ ಒಂದು ಹೆಜ್ಜೆ ಇಳಿಯೋದು. ಸೆಳೆತ ಇದೆ, ಅವಸರ ಇಲ್ಲ.

ಉದಾಹರಣೆ ಬೇಕಾ? ಆಫೀಸಲ್ಲಿ ವಾರಕ್ಕೊಂದು ಕೇಕ್ ಕತ್ತರಿಸ್ತೀವಲ್ಲ, ಆ ಹುಟ್ಟುಹಬ್ಬದ ಹಾಡು. ನಾಲ್ಕೇ ಸಾಲು. ಒಂದನೇ ಸಾಲು 1ರಲ್ಲಿ ಶುರು, 5ರಲ್ಲಿ ನಿಲ್ಲುತ್ತೆ, ಕೊನೇ ಸ್ವರ ನಿಷಾದ. ಎರಡನೇ ಸಾಲು 5ರಲ್ಲಿ ಶುರು, 1ಕ್ಕೆ ಬರುತ್ತೆ, ಕೊನೇ ಸ್ವರ ಷಡ್ಜ. ಮೂರನೇ ಸಾಲು 1ರಿಂದ ಹೊರಟು, ಹುಟ್ಟುಹಬ್ಬದವರ ಹೆಸರು ಬರೋ ಕಡೆ ಧೈವತದ ಮೇಲೆ ನಿಲ್ಲುತ್ತೆ. ಧೈವತ ಯಾವ ಕಾರ್ಡಲ್ಲಿದೆ? 4. ಕೊನೇ ಸಾಲು 1, 5, 1. ಊರಿಗೆ ಬಂದಾಯ್ತು, ಕೇಕ್ ತಿನ್ನಿ. ಮುಂದಿನ ಸಲ ಆ ಹೆಸರಿನ ಜಾಗದಲ್ಲಿ ಎಲ್ಲರೂ ಸ್ವಲ್ಪ ಎಳೆದು ನಿಲ್ತಾರಲ್ಲ, ಗಮನಿಸಿ. ನೆಂಟರ ಮನೇಲಿ ಕಾಫಿ ಕುಡಿಯೋ ಜಾಗ ಅದು.

ಊರಿಗೆ ಬರದೇ ಮುಗಿಯೋ ಹಾಡು

ಎಲ್ಲರಿಗೂ ಗೊತ್ತಿರೋ ಇನ್ನೊಂದು: ಜನಗಣಮನ. ವಿಡಿಯೋದಲ್ಲಿ ನಾನು ಇದನ್ನ ನುಡಿಸಿ ತೋರಿಸಲಿಲ್ಲ, ನೀವೆಲ್ಲ ಎದ್ದು ನಿಲ್ಲಬೇಕಾಗುತ್ತೆ ಅಂತ. ಬರೀ ಸ್ವರ ಹೇಳ್ತೀನಿ.

ಇದರ ಸ್ವರಗಳು ಬಹುಪಾಲು ಬಿಲಾವಲ್, ಅಂದರೆ ನಮ್ಮ ಮೇಜರ್ ಸ್ಕೇಲೇ. ನಡುವೆ ಪಂಚಮದ ಪಕ್ಕ ಒಮ್ಮೆ ಪ್ರತಿಮಧ್ಯಮ ಸವರಿ ಹೋಗುತ್ತೆ, ಅಷ್ಟೇ. ಮೊದಲ ಭಾಗ ಸ-ರಿ-ಗ ಅಂತ ಹತ್ತಿ, ಗಾಂಧಾರದಲ್ಲೇ ತುಂಬಾ ಹೊತ್ತು ಇದ್ದು, ಕೊನೇಲಿ ಮಧ್ಯಮ ಮುಟ್ಟುತ್ತೆ. ಅಂದರೆ 1, ಆಮೇಲೆ 4. ಮುಂದಿನ ಭಾಗ ಗಾಂಧಾರದಿಂದ ರಿಷಭಕ್ಕಿಳಿದು, ಕೆಳಗಿನ ನಿಷಾದ ಮುಟ್ಟಿ, ಷಡ್ಜಕ್ಕೆ ಬರುತ್ತೆ. 1, 5, 1. ಕೊನೇ ಹತ್ತಿರ ಜಯಘೋಷ ಮೂರು ಸಲ ಬರುತ್ತಲ್ಲ? ಒಂದು ಸಲ ಮೇಲಿನ ಷಡ್ಜದಲ್ಲಿ, ಮುಂದಿನದು ನಿಷಾದದಲ್ಲಿ, ಮೂರನೇದು ಧೈವತದಲ್ಲಿ. ಪಟ್ಟಿ ನೋಡಿ ಕಾರ್ಡ್ ಹುಡುಕಿ: 1, 5, 4. ಸರಿಹೋಯ್ತಾ?

ಈಗ ಕೊನೇ ಸ್ವರ. ಸ, ರಿ, ಗ ಅಂತ ಮತ್ತೆ ಹತ್ತಿಕೊಂಡು ಹೋಗಿ ಹಾಡು ಮುಗಿಯೋದು ಮಧ್ಯಮದಲ್ಲಿ. ಷಡ್ಜದಲ್ಲಿ ಅಲ್ಲ! ಕಾರ್ಡ್ ಹಾಕಿದರೆ 4. ಊರಿಗೆ ವಾಪಸ್ ಬರದೇ, ಇನ್ನೂ ಮುಂದಿದೆ ಅನ್ನೋ ಹಾಗೆ ನಿಲ್ಲುತ್ತೆ. ಸ್ಕೂಲಲ್ಲಿ ಸಾವಿರ ಸಲ ಹಾಡಿದೀನಿ, ಒಂದು ಸಲವೂ ಗಮನಿಸಿರಲಿಲ್ಲ. ಟ್ಯಾಗೋರರು ಬರೆದ ಮೂಲ ಗೀತೆಯಲ್ಲಿ ಇದರ ಮುಂದೆ ಇನ್ನೂ ನಾಲ್ಕು ಚರಣ ಇದೆ ಅನ್ನೋದು ನೆನಪಾದರೆ ಆ ನಿಲುಗಡೆ ಚೆನ್ನಾಗೇ ಕೇಳಿಸುತ್ತೆ.

ಈ ಹಾಡಿಗೂ ನಮ್ಮ ಗಡಿಗೂ ಒಂದು ನಂಟಿದೆ. 1919ರ ಫೆಬ್ರವರಿಯಲ್ಲಿ ಟ್ಯಾಗೋರರು ಮದನಪಲ್ಲಿಯ ಥಿಯಾಸಫಿಕಲ್ ಕಾಲೇಜಿಗೆ ಬಂದಿದ್ದರು. ಕೋಲಾರದ ಕಡೆಯಿಂದ ಗಡಿ ದಾಟಿದರೆ ಸಿಗೋ ಮದನಪಲ್ಲಿ ಅದೇ. ಅಲ್ಲಿ ಇದನ್ನ ಇಂಗ್ಲಿಷಿಗೆ ಅನುವಾದ ಮಾಡಿದರು. ಪ್ರಿನ್ಸಿಪಾಲರ ಹೆಂಡತಿ ಮಾರ್ಗರೆಟ್ ಕಸಿನ್ಸ್ ಪಾಶ್ಚಾತ್ಯ ಸಂಗೀತ ಕಲಿತವರು, ಅವರು ಧಾಟಿಯನ್ನ ಸ್ವರಲಿಪಿಗೆ ಇಳಿಸಿದರು. ರಾಷ್ಟ್ರಗೀತೆ ಆಗಿದ್ದು 1950ರ ಜನವರಿ 24ರಂದು.

ಬೀಗ ಹಾಕಿದ ಮನೆ: 6ನೇ ಕಾರ್ಡ್

ಬರೀ 1, 4, 5 ಇದ್ದರೆ ಹಾಡು ಯಾವಾಗಲೂ ನಗ್ತಾನೇ ಇರುತ್ತೆ. ಅದಕ್ಕೆ 6 ಬೇಕು. ದ-ಸ-ಗ. 1ರ ಜೊತೆ ಹೋಲಿಸಿ: ಸ-ಗ-ಪ. ಸ ಮತ್ತು ಗ ಎರಡರಲ್ಲೂ ಇವೆ, ಪಂಚಮದ ಬದಲು ಧೈವತ. ಮೂರರಲ್ಲಿ ಎರಡು ಸ್ವರ ಅವೇ. ಹಾಗಾಗಿ 1 ಬರಬೇಕಾದ ಕಡೆ 6 ಹಾಕಿದರೂ ಹಾಡು ಕೆಡಲ್ಲ, ಆದರೆ ಬಣ್ಣ ಬದಲಾಗುತ್ತೆ. ಊರಿಗೇ ಬಂದಿದೀವಿ, ಆದರೆ ಮನೆಗೆ ಬೀಗ. ನಮ್ಮ ಸರಸ್ವತೀಪುರಂ ಮನೆ ಮುಂದೆ ಹೋಗಿ ನಿಂತರೆ ಈಗ ನನಗೆ ಕೇಳಿಸೋದು ಈ ಕಾರ್ಡೇ.

1, 5, 6, 4. ಸಿ, ಜಿ, ಎ ಮೈನರ್, ಎಫ್. ಜಗತ್ತಿನ ಎಷ್ಟೋ ಹಾಡುಗಳು ಈ ನಾಲ್ಕರ ಮೇಲೇ ಸುತ್ತುತ್ತವೆ. ಬೀಟಲ್ಸ್‌ನವರ 1970ರ 'ಲೆಟ್ ಇಟ್ ಬಿ' ಇದೇ ನಾಲ್ಕರಿಂದ ಶುರುವಾಗುತ್ತೆ. ಆಸ್ಟ್ರೇಲಿಯಾದ ಒಂದು ಹಾಸ್ಯ ತಂಡ ಈ ನಾಲ್ಕನ್ನೇ ನುಡಿಸ್ತಾ ಹತ್ತಾರು ಹಿಟ್ ಹಾಡುಗಳನ್ನ ಒಂದರ ಹಿಂದೊಂದು ಹಾಡಿ ಹೆಸರು ಮಾಡಿದೆ. ನಿಮಗೆ ಇಷ್ಟವಾದ ಕನ್ನಡ ಸಿನಿಮಾ ಹಾಡುಗಳ ಮೇಲೂ ಒಮ್ಮೆ ಪ್ರಯತ್ನಿಸಿ. ಕೆಲವು ಕೂರುತ್ತವೆ, ಕೆಲವು ಒದೆಯುತ್ತವೆ. ಒದೆಯೋದು ಯಾಕೆ ಅಂತ ಹುಡುಕೋದೇ ಪಾಠ.

ಇನ್ನೊಂದು ಕೂತೂಹಲ. ಇದೇ ಏಳು ಸ್ವರ ಇಟ್ಟುಕೊಂಡು ಧೈವತವನ್ನೇ ಷಡ್ಜ ಅಂದುಕೊಂಡು ಹಾಡಿದರೆ ನಟಭೈರವಿ ಬರುತ್ತೆ, 20ನೇ ಮೇಳ. ನಮ್ಮವರು ಇದಕ್ಕೆ ಗ್ರಹಭೇದ ಅಂತಾರೆ, ಪಾಶ್ಚಾತ್ಯರು ರಿಲೇಟಿವ್ ಮೈನರ್ ಅಂತಾರೆ. ಹೆಸರು ಎರಡು, ಮನೆಗಳು ಅವೇ.

ಅಕ್ಷರ ಬಿಟ್ಟು ಅಂಕಿ ಹಿಡಿಯಿರಿ

ನಾನು ಸಿ, ಎಫ್, ಜಿ ಅಂತ ಅಕ್ಷರ ಬಾಯಿಪಾಠ ಮಾಡಿದ್ದು ತಪ್ಪು. ಅದು ಕೋಡಲ್ಲಿ ಬೆಲೆಯನ್ನ ಹಾರ್ಡ್‌ಕೋಡ್ ಮಾಡಿದ ಹಾಗೆ. ಶ್ರುತಿ ಬದಲಾದರೆ ಎಲ್ಲ ಕುಸಿಯುತ್ತೆ. 1, 4, 5, 6 ಅಂತ ಅಂಕಿ ನೆನಪಿಟ್ಟರೆ ಶ್ರುತಿ ಒಂದು ವೇರಿಯಬಲ್.

ಅಮ್ಮನ ಕಪ್ಪು 4 ಅಂದರೆ ಜಿ ಶಾರ್ಪ್. ಗಿಟಾರಲ್ಲಿ ಅದರ ಕಾರ್ಡ್‌ಗಳು ಬೆರಳು ಮುರಿಯೋ ಥರ ಇರ್ತವೆ. ಉಪಾಯ ಕ್ಯಾಪೋ. ಮೊದಲನೇ ಫ್ರೆಟ್ಟಿಗೆ ಕ್ಯಾಪೋ ಹಾಕಿ, ಜಿ ಮೇಜರಿನ ಸುಲಭದ ಹಿಡಿತಗಳನ್ನೇ ಹಿಡಿಯೋದು. 1 ಅಂದರೆ ಜಿ, 4 ಅಂದರೆ ಸಿ, 5 ಅಂದರೆ ಡಿ, 6 ಅಂದರೆ ಇ ಮೈನರ್. ಕ್ಯಾಪೋ ಎಲ್ಲವನ್ನೂ ಒಂದು ಮನೆ ಮೇಲೆ ಎತ್ತಿ ಕಪ್ಪು 4ಕ್ಕೆ ಕೂರಿಸುತ್ತೆ. ಗಿಟಾರ್ ಅಮ್ಮನ ಶ್ರುತಿಗೆ ಬರಬೇಕೇ ಹೊರತು ಅಮ್ಮ ಗಿಟಾರಿನ ಶ್ರುತಿಗಲ್ಲ. ಇಷ್ಟು ಸಣ್ಣ ವಿಷಯಕ್ಕೆ ಅವತ್ತು ಅವಳ ಗಂಟಲು ನೋಯಿಸಿದೆ.

ಹಾಗಾದರೆ ಮಧ್ಯಮದ ಕಥೆ?

ಮೋಹನದ ಸ್ವರಗಳು ಐದು: ಸ, ರಿ, ಗ, ಪ, ದ. ಮಧ್ಯಮ ಇಲ್ಲ, ನಿಷಾದ ಇಲ್ಲ. ಕೀಬೋರ್ಡಿದ್ದರೆ ಕಪ್ಪು 3ರಿಂದ ಶುರು ಮಾಡಿ ಬರೀ ಕಪ್ಪು ಮನೆಗಳನ್ನ ಒತ್ತಿ, ಅದೇ ಮೋಹನ. ಮೇಜರ್ ಸ್ಕೇಲಿನ ಆ ಎರಡು ಸಣ್ಣ ಹೆಜ್ಜೆ, ಗ-ಮ ಮತ್ತು ನಿ-ಸ, ಎರಡೂ ಇಲ್ಲಿ ಇಲ್ಲ. ಹಾಗಾಗಿ ಆ ರಾಗಕ್ಕೆ ಎಳೆದಾಟ ಇಲ್ಲ, ತಿಳಿನೀರಿನ ಥರ.

ಈಗ ಏಳು ಕಾರ್ಡಿನ ಪಟ್ಟಿಗೆ ವಾಪಸ್ ಹೋಗಿ. ಮ ಇರೋದು ಯಾವುದರಲ್ಲಿ? 2, 4, 7. ನಿ ಇರೋದು? 3, 5, 7. ಅವನ್ನೆಲ್ಲ ಹೊಡೆದು ಹಾಕಿ. ಉಳಿದಿದ್ದು ಎರಡೇ: 1 ಮತ್ತು 6. ನಾನು ಧೈವತದ ಕಡೆ 4 ಹಾಕಿದ್ದೆ. ಪಾಶ್ಚಾತ್ಯ ಲೆಕ್ಕದಲ್ಲಿ ತಪ್ಪಿಲ್ಲ, ಧೈವತ ಅದರೊಳಗಿದೆ. ಆದರೆ ಅದರ ಜೊತೆ ಮಧ್ಯಮವೂ ಕರೆಯದೇ ಒಳಗೆ ಬಂತು. ನಲವತ್ತು ವರ್ಷ ಮೋಹನ ಹಾಡಿದ ಕಿವಿಗೆ ಅದು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ.

ಪರಿಹಾರ ಸುಲಭವೇ ಇತ್ತು. ಧೈವತದ ಕಡೆ 4ರ ಬದಲು 6. ಗಾಂಧಾರ, ಪಂಚಮದ ಕಡೆ 1. ರಿಷಭದ ಕಡೆ? 5 ಬೇಕು, ಆದರೆ ನಿಷಾದ ಬೇಡ. ಆ ಕಾರ್ಡಿಂದ ನಿಷಾದವನ್ನ ತೆಗೆದುಬಿಟ್ಟು ಪ-ರಿ ಎರಡೇ ತಂತಿ ಮೀಟಿದೆ. ಎಲ್ಲೂ ಗೊತ್ತಾಗದಿದ್ದರೆ ಬರೀ ಸ-ಪ, ತಂಬೂರಿಯ ಹಾಗೆ.

ಹಾಗಂತ ಸಿನಿಮಾದವರು ಮೋಹನಕ್ಕೆ 4, 5 ಹಾಕೋದೇ ಇಲ್ಲ ಅಂತಲ್ಲ. ಧಾರಾಳವಾಗಿ ಹಾಕ್ತಾರೆ, ಚೆನ್ನಾಗೂ ಇರುತ್ತೆ. ಅಲ್ಲಿ ಅದು ಮೋಹನದ ಸ್ವರಗಳಿರೋ ಮೇಜರ್ ಸ್ಕೇಲಿನ ಹಾಡು. ಯಾವುದು ಬೇಕು ಅಂತ ಗೊತ್ತಿದ್ದು ಮಾಡೋದು ಬೇರೆ, ಗೊತ್ತಿಲ್ಲದೆ ಮಾಡೋದು ಬೇರೆ.

ಈ ಲೆಕ್ಕ ಎಲ್ಲ ರಾಗಕ್ಕೂ ನಡೆಯಲ್ಲ ಅನ್ನೋದೂ ನೆನಪಿರಲಿ. ಚಿಕ್ಕಂದಿನಲ್ಲಿ ಸರಳೆ ವರಸೆ ಕಲಿತ ಮಾಯಾಮಾಳವಗೌಳದಲ್ಲಿ ರಿ, ದ ಎರಡೂ ಒಂದೊಂದು ಮನೆ ಕೆಳಗಿವೆ. ಅಲ್ಲಿ ಒಂದು ಬಿಟ್ಟು ಒಂದು ಕಟ್ಟಿ ನೋಡಿ: 4ನೇ ಕಾರ್ಡ್ ಮೈನರ್ ಆಗುತ್ತೆ, 5ನೇ ಕಾರ್ಡ್ ಮೇಜರೂ ಅಲ್ಲ, ಮೈನರೂ ಅಲ್ಲ. ನಿಯಮ ಅದೇ, ಏಣಿ ಬದಲಾದರೆ ಫಲಿತಾಂಶ ಬದಲು. ಇನ್ನೊಂದು ಸೂಕ್ಷ್ಮ: ಗಿಟಾರಿನ ಹನ್ನೆರಡು ಮನೆ ಸಮಪಾಲು ಮಾಡಿದ್ದು. ಅದರ ಗಾಂಧಾರ ತಂಬೂರಿಯಲ್ಲಿ ತಾನಾಗೇ ಕೇಳೋ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಮೇಲಿದೆ, ಒಂದು ಮನೆಯ ನೂರರಲ್ಲಿ 14 ಭಾಗ. ಅಮ್ಮ ಗಾಂಧಾರದ ಕಡೆ ಮುಖ ಸೊಟ್ಟ ಮಾಡೋದು ಅದಕ್ಕೇ. ಅಲ್ಲಿ ನಾನು ಮೆಲ್ಲಗೆ ನುಡಿಸ್ತೀನಿ.

ಆಮೇಲೆ

ಒಂದು ವಾರ ಬಿಟ್ಟು ಕ್ಯಾಪೋ ಹಾಕಿ, ಅಡುಗೆಮನೆ ಬಾಗಿಲ ಹತ್ರ ಸ್ಟೂಲ್ ಹಾಕ್ಕೊಂಡು ಕೂತು ನಾನೊಬ್ಬನೇ ನುಡಿಸಿದೆ. ಅವಳು ಹುರುಳಿಕಾಯಿ ಹೆಚ್ತಾ ಇದ್ದಳು. ಪಲ್ಲವಿ ಎರಡು ಸಲ ಸುತ್ತಿದ ಮೇಲೆ ಚಾಕು ನಿಂತಿತು. "ಇದು ಯಾರ ಶ್ರುತಿ?" ಅಂದಳು. "ನಿಂದೇ." ಮತ್ತೆ ಸ್ವಲ್ಪ ಹೊತ್ತು ಕೇಳಿ, "ಮಧ್ಯಮ ಎಲ್ಲೋಯ್ತು?" ಅಂದಳು. "ಕಳಿಸಿಬಿಟ್ಟೆ" ಅಂದೆ. ನಕ್ಕಳು. ಹುರುಳಿಕಾಯಿ ಪಕ್ಕಕ್ಕಿಟ್ಟು ಅನುಪಲ್ಲವಿಯಿಂದ ಶುರು ಮಾಡಿದಳು.

ನವೆಂಬರಲ್ಲಿ ಕ್ಲಬ್‌ಹೌಸಲ್ಲಿ ಹಾಡಿದಳು. ಎರಡು ಕಡೆ ಉಸಿರು ಸಾಲಲಿಲ್ಲ, ಒಂದು ಕಡೆ ನಾನೇ ತಪ್ಪಿದೆ. ಕಾರ್ಯಕ್ರಮ ಮುಗಿದ ಮೇಲೆ ಬಿ ಬ್ಲಾಕಿನ ಒಬ್ಬರು, ಕಲಬುರಗಿಯವರು, ಬಂದು "ನಮ್ಮ ಹುಡುಗಿಗಿ ಕಲಿಸ್ತೀರೇನ್ರೀ ಅಮ್ಮಾರ?" ಅಂತ ಕೇಳಿದರು. ಈಗ ಶನಿವಾರ ಬೆಳಗ್ಗೆ ನಮ್ಮ ಹಾಲಲ್ಲಿ ನಾಲ್ಕು ಮಕ್ಕಳು ಸರಳೆ ವರಸೆ ಹಾಡ್ತಾರೆ. ಹೋದ ತಿಂಗಳು ಮೈಸೂರಿಗೆ ಹೋದಾಗ ತಂಬೂರಿ ತಂದೆ.

ಮನೆಗೆಲಸ: ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಹಾಡು ತಗೊಳ್ಳಿ. ಮೊದಲು ಅದರ ಷಡ್ಜ ಹುಡುಕಿ, ಹಾಡು ಎಲ್ಲಿ ಬಂದು ಸಮಾಧಾನವಾಗಿ ನಿಲ್ಲುತ್ತೋ ಅದು. ಪ್ರತಿ ಸಾಲಿನ ಕೊನೇ ಸ್ವರ ಯಾವುದು ನೋಡಿ. ಆ ಸ್ವರ 1, 4, 5, 6ರಲ್ಲಿ ಯಾವುದರೊಳಗಿದೆ ಅಂತ ಪಟ್ಟಿ ನೋಡಿ ಹಾಕಿ. ಯಾವ ವೆಬ್‌ಸೈಟನ್ನೂ ತೆರೆಯಬೇಡಿ. ಸರಿಯಾಯ್ತೋ ಇಲ್ಲವೋ ಅಂತ ಅನುಮಾನ ಬಂದರೆ ಮನೇಲಿ ಹಾಡೋ ಹಿರಿಯರು ಯಾರಾದರೂ ಇದ್ದರೆ ಅವರ ಮುಂದೆ ನುಡಿಸಿ. ಅವರ ಮುಖ ನೋಡಿದರೆ ಉತ್ತರ ಗೊತ್ತಾಗುತ್ತೆ.

ಮುಂದಿನ ವಾರ ತಾಳದ ಬಗ್ಗೆ. ಸಿಗೋಣ, ನಮಸ್ಕಾರ.